ಬೇಬಾಕಿ

“ನಿಮ್ಮ ಬಗ್ಗೆ ಏನೂ ಇಲ್ಲ ಸರ್,” ಎಂದಳು ಸಾಲದ ಕೌಂಟರಿನ ಹುಡುಗಿ.

ಅವನು ಅದನ್ನು ಹೊಗಳಿಕೆ ಎಂದುಕೊಂಡ. ಕುರ್ಚಿಯಲ್ಲಿ ಇನ್ನಷ್ಟು ನೆಟ್ಟಗೆ ಕೂತು, ಇದ್ದರೆ ತಾನೇ ಸಿಗಲು ಎಂಬಂತೆ ಸಣ್ಣಗೆ ನಕ್ಕ. ಐವತ್ತು ದಾಟಿದ ಮನುಷ್ಯ, ಕಾಲೇಜಿನ ಗ್ರಂಥಪಾಲ, ಇವತ್ತಿನವರೆಗೆ ಯಾರ ಮುಂದೆಯೂ ಕೈ ಚಾಚಿದವನಲ್ಲ. ಇಂಥವನು ಮೊದಲ ಸಲ ಬಂದು ಸಾಲ ಕೇಳಿದರೆ ಬ್ಯಾಂಕು ಎದ್ದು ನಿಂತು ಕೊಡಬೇಕು ಎಂಬುದು ಅವನ ಲೆಕ್ಕಾಚಾರವಾಗಿತ್ತು. ಬೆಳಿಗ್ಗೆ ಶೂ ಒರೆಸಿಕೊಳ್ಳುವಾಗ, ಬ್ಯಾಂಕಿನವರ ಮುಖದಲ್ಲಿ ಮೂಡಬಹುದಾದ ಗೌರವವನ್ನು ಕಲ್ಪಿಸಿಕೊಂಡು ಸ್ವಲ್ಪ ಹೊತ್ತು ಸುಖಪಟ್ಟೂ ಇದ್ದ.

ಹುಡುಗಿ ನಗಲಿಲ್ಲ. ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದಳು. ಹೆಸರಿತ್ತು, ಹುಟ್ಟಿದ ದಿನವಿತ್ತು. ಅದರ ಕೆಳಗೆ, ಅಂಕಿ ಇರಬೇಕಾದ ಕಡೆ, ಒಂದು ಸಣ್ಣ ಅಡ್ಡಗೆರೆ ಇತ್ತು.

“ಏನೂ ಇಲ್ಲ ಅಂದ್ರೆ ಒಳ್ಳೇದು ಅಂತಲ್ಲ ಸರ್. ಕೆಟ್ಟದ್ದು ಅಂತಾನೂ ಅಲ್ಲ. ನಿಮ್ಮನ್ನ ನಂಬಬಹುದೋ ಇಲ್ವೋ ಅಂತ ಹೇಳೋಕೆ ನಮಗೇನೂ ಸಿಕ್ತಾ ಇಲ್ಲ, ಅಷ್ಟೆ.”

ಆಮೇಲೆ ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಸಾಲ ತೆಗೆದವರು, ಕಂತಿನಲ್ಲಿ ಸಾಮಾನು ಕೊಂಡವರು, ಕಾರ್ಡು ಉಜ್ಜಿದವರು, ಇವರೆಲ್ಲ ಹೇಗೆ ತೀರಿಸಿದರು ಎನ್ನುವುದು ಒಂದು ಕಡೆ ದಾಖಲಾಗುತ್ತ ಹೋಗುತ್ತದೆ. ಅದರಿಂದ ಒಂದು ಸ್ಕೋರು ಹುಟ್ಟುತ್ತದೆ. ಹೇಳಿದ ದಿನಕ್ಕೆ ಕಟ್ಟಿದರೆ ಏರುತ್ತದೆ, ತಪ್ಪಿಸಿದರೆ ಇಳಿಯುತ್ತದೆ. ಸಾಲವನ್ನೇ ಮಾಡದವನಿಗೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ತನ್ನ ಸಂಬಳ ಇಷ್ಟು ವರ್ಷದಿಂದ ಇದೇ ಬ್ಯಾಂಕಿಗೆ ಬರುತ್ತಿದೆ, ಒಂದು ದಿನವೂ ಖಾತೆ ಬರಿದಾಗಿಲ್ಲ ಎಂದು ಅವನು ಹೇಳಿದ. ಅದು ನಿಮ್ಮ ದುಡ್ಡು ಸರ್ ಎಂದಳು ಅವಳು. ನಿಮ್ಮ ದುಡ್ಡನ್ನು ನೀವು ಹೇಗೆ ಇಟ್ಟುಕೊಳ್ಳುತ್ತೀರಿ ಎನ್ನುವುದು ಗೊತ್ತು. ಬೇರೆಯವರ ದುಡ್ಡನ್ನು ಏನು ಮಾಡುತ್ತೀರಿ ಎನ್ನುವುದು ಗೊತ್ತಿಲ್ಲ. ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅವನಿಗೆ ಮೈ ಉರಿಯಿತು.

ಅವನು ಎಂದೂ ಯಾರಿಗೂ ಹೇಳದ ಒಂದು ಮಾತನ್ನು ಆಡಿಬಿಟ್ಟ. ಅಪ್ಪ ಸಾಯುವಾಗ ಕುತ್ತಿಗೆವರೆಗೆ ಸಾಲವಿತ್ತು. ಬ್ಯಾಂಕಿನದ್ದು, ಅಂಗಡಿಯವರದ್ದು, ನೆಂಟರದ್ದು. ಯಾರೂ ಒತ್ತಾಯ ಮಾಡಿರಲಿಲ್ಲ, ಆದರೂ ತಾನು ಮದುವೆ ಮುಂದೂಡಿ, ಹೊಟ್ಟೆ ಬಟ್ಟೆ ಕಟ್ಟಿ, ಪೈಸೆ ಪೈಸೆ ತೀರಿಸಿದ್ದೇನೆ ಎಂದ.

“ಲೋನ್ ಯಾರ ಹೆಸರಲ್ಲಿತ್ತು ಸರ್?”

“ಅಪ್ಪನ ಹೆಸರಲ್ಲೇ.”

“ಹಾಗಾದ್ರೆ ಅದು ಅವರ ಲೆಕ್ಕಕ್ಕೆ ಹೋಗಿರುತ್ತೆ.”

ಹದಿನಾಲ್ಕು ವರ್ಷ ಅರೆಹೊಟ್ಟೆ ಉಂಡವನು ಇವನು, ಮರ್ಯಾದಸ್ಥನಾದವನು ಗೋರಿಯೊಳಗಿನ ಅಪ್ಪ. ಬದುಕಿದ್ದಾಗ ಬಾಗಿಲು ಬಡಿದವರಿಗೆಲ್ಲ ‘ಅಪ್ಪ ಊರಲ್ಲಿಲ್ಲ ಅನ್ನು’ ಎಂದು ಮಗನನ್ನು ಮುಂದೆ ತಳ್ಳಿ ಅಟ್ಟದಲ್ಲಿ ಅಡಗುತ್ತಿದ್ದ ಮನುಷ್ಯ.

ಹುಡುಗಿ ಕಂಪ್ಯೂಟರಿನಲ್ಲಿ ಇನ್ನೂ ಏನೋ ಹುಡುಕಿದಳು. ಹಿಂದೊಮ್ಮೆ ಬ್ಯಾಂಕೇ ನಿಮಗೊಂದು ಕಾರ್ಡು ಕಳಿಸಿತ್ತಲ್ಲ, ಅದೇನಾಯಿತು ಎಂದು ಕೇಳಿದಳು. ಕತ್ತರಿಯಿಂದ ನಾಲ್ಕು ತುಂಡು ಮಾಡಿ ಲಕೋಟೆಯಲ್ಲಿ ಹಾಕಿ ವಾಪಸು ಕಳಿಸಿದೆ ಎಂದ. ಹಾಗೆ ಹೇಳುವಾಗ ಹಿಂದೆಲ್ಲ ಬರುತ್ತಿದ್ದ ಹೆಮ್ಮೆ ಈ ಸಲ ಅರ್ಧದಲ್ಲೇ ನಿಂತಿತು. ಇಟ್ಟುಕೊಂಡು ತಿಂಗಳಿಗೆ ಇಷ್ಟು ಸೋಪು, ಇಷ್ಟು ಹಾಲು ಅಂತ ತಗೊಂಡು ದಿನಕ್ಕೆ ಸರಿಯಾಗಿ ಕಟ್ಟಿದ್ದರೂ ಸಾಕಿತ್ತು, ಇವತ್ತು ಹತ್ತು ನಿಮಿಷದ ಕೆಲಸವಾಗುತ್ತಿತ್ತು ಎಂದು ಅವಳು ನಿಜವಾಗಿ ಪೇಚಾಡಿದಳು.

“ಒಳ್ಳೇ ಸ್ಕೋರ್ ಇರೋರು ಯಾರಾದ್ರೂ ಜಾಮೀನು ಹಾಕಿದ್ರೆ ಮ್ಯಾನೇಜರ್ ಹತ್ರ ಮಾತಾಡಬಹುದು. ಸಂಜೆಯೊಳಗೆ ಕರ್ಕೊಂಡು ಬನ್ನಿ.” ಅವನು ಎದ್ದಾಗ ಸಮಾಧಾನಕ್ಕೆಂಬಂತೆ ಸೇರಿಸಿದಳು: “ಇನ್ಮೇಲೆ ಖಾಲಿ ಇರಲ್ಲ ಸರ್. ಇವತ್ತು ನೀವು ಬಂದು ಕೇಳಿದ್ದು ದಾಖಲಾಗಿರುತ್ತೆ.”

ಅಂದರೆ ಇಡೀ ಜೀವಮಾನದಲ್ಲಿ ಅವನ ಬಗ್ಗೆ ಲೋಕಕ್ಕೆ ಗೊತ್ತಿರುವುದು ಇದೊಂದೇ. ಕೇಳಿದ, ಸಿಗಲಿಲ್ಲ.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಸಂಜೆಯೊಳಗೆ ಎಂಬ ಮಾತನ್ನು ಬ್ಯಾಂಕಿನ ಹುಡುಗಿ ಸುಮ್ಮನೆ ಆಡಿದ್ದಳು. ಅವನಿಗೆ ಮಾತ್ರ ಅದು ನಿಜವಾದ ಗಡುವಾಗಿತ್ತು.

ಅವನ ಮನೆಯಿರುವ ಕಟ್ಟಡದ ಮೂಲೆಯಲ್ಲಿ ಗಡಿಯಾರ ರಿಪೇರಿಯ ಅಂಗಡಿಯೊಂದು ಮುಚ್ಚಿಹೋಗಿತ್ತು. ಅದು ಬೇಕೆಂದು ಅವನ ಹೆಂಡತಿ ಹಟ ಹಿಡಿದಿದ್ದಳು. ಹಟ ಎನ್ನುವುದು ಅವನ ಮಾತು. ಅವಳು ಒಂದೇ ಸಲ ಕೇಳಿದ್ದಳು. ಮಲಗುವ ಕೋಣೆಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಇಷ್ಟು ವರ್ಷ ಹೆಂಗಸರ ಬಟ್ಟೆ ಹೊಲಿದವಳು. ಕಳೆದ ವಾರ ಸೂಜಿಗೆ ದಾರ ಪೋಣಿಸುತ್ತ, ಅವನ ಮುಖ ನೋಡದೆ ಹೇಳಿದ್ದಳು: “ಇಷ್ಟು ದಿನ ನಿಮ್ಮನ್ನ ಏನೂ ಕೇಳಿಲ್ಲ. ಇದೊಂದು ಕೇಳ್ತೀನಿ. ಅಂಗಡಿ ಮುಂಗಡಕ್ಕೆ ಸಾಲ ಮಾಡಿಕೊಡಿ. ಮಾಲೀಕರು ಶುಕ್ರವಾರ ಸಂಜೆ ತನಕ ಕಾಯ್ತಾರಂತೆ. ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ನನ್ನ ದಾರಿ ನಾನು ನೋಡ್ಕೋತೀನಿ.”

ಅವನು ಆಗುತ್ತದೆ ಎನ್ನಲಿಲ್ಲ, ಆಗುವುದಿಲ್ಲ ಎನ್ನಲೂ ಇಲ್ಲ. ಪತ್ರಿಕೆಯನ್ನು ಮಡಚಿಟ್ಟು ದೀಪ ಆರಿಸಿದ. ಆದರೆ ಆ ಕೊನೆಯ ಮಾತು ವಾರವಿಡೀ ಕಾಲಿಗೆ ಚುಚ್ಚಿದ ಮುಳ್ಳಾಗಿ ಉಳಿದಿತ್ತು. ಮಕ್ಕಳಿಲ್ಲ, ಮನೆಗೆ ಬರುವ ಹೋಗುವ ಜನವಿಲ್ಲ. ಅವಳ ದಾರಿ ಅವಳು ನೋಡಿಕೊಂಡರೆ ಆ ಮನೆಯಲ್ಲಿ ಉಳಿಯುವುದು ತಾನು, ತನ್ನ ಒರೆಸಿದ ಶೂ. ಇವತ್ತು ಶುಕ್ರವಾರ. ಅವಳಿಗೆ ಹೇಳದೆ, ಕಾಲೇಜಿಗೆ ಹೊರಟವನಂತೆ ಹೊರಟು ಬ್ಯಾಂಕಿಗೆ ಬಂದಿದ್ದ. ಸಂಜೆ ದುಡ್ಡಿನೊಂದಿಗೆ ಹೋಗಿ ಮೇಜಿನ ಮೇಲಿಟ್ಟು ಏನೂ ಮಾತಾಡದೆ ಕೈಕಾಲು ತೊಳೆಯಲು ಹೋಗಬೇಕು ಎಂದುಕೊಂಡಿದ್ದ.

ಅವನು ಹೆಂಡತಿಯ ಬಳಿಯೂ ಬಾಕಿ ಇಟ್ಟುಕೊಂಡವನಲ್ಲ. ಅವಳು ಅವನಿಗೊಂದು ಅಂಗಿ ಹೊಲಿದರೆ, ಬೇರೆ ದರ್ಜಿ ಎಷ್ಟು ತೆಗೆದುಕೊಳ್ಳುತ್ತಿದ್ದನೋ ಅಷ್ಟನ್ನು ಆ ದಿನವೇ ಯಂತ್ರದ ಮೇಲೆ ಇಡುತ್ತಿದ್ದ. ಗಂಡ ಹೆಂಡತಿಯಾದರೂ ಲೆಕ್ಕ ಲೆಕ್ಕವೇ ಎನ್ನುತ್ತಿದ್ದ. ಮೊದಮೊದಲು ಅವಳು ತಮಾಷೆ ಎಂದುಕೊಂಡು ನಕ್ಕಳು. ಒಮ್ಮೆ ಅತ್ತಳು. ಆಮೇಲೆ ಸುಮ್ಮನೆ ತೆಗೆದುಕೊಳ್ಳತೊಡಗಿದಳು. ಈಚೆಗೆ ತಾನೇ ಬೆಲೆ ಹೇಳುತ್ತಿದ್ದಳು, ಕಾಲರು ತಿರುಗಿಸಿ ಹಾಕಿದ್ದಕ್ಕೆ ಬೇರೆ ಎಂದೂ ಸೇರಿಸುತ್ತಿದ್ದಳು. ಇದನ್ನು ಅವನು ದಾಂಪತ್ಯದ ಪ್ರೌಢಿಮೆ ಎಂದು ತಿಳಿದಿದ್ದ.

ಗ್ರಂಥಾಲಯದಲ್ಲಿ ವರ್ಷದ ಕೊನೆಯ ಗಡಿಬಿಡಿ. ಓದು ಮುಗಿಸಿ ಹೋಗುವವರೆಲ್ಲ ಬೇಬಾಕಿ ಪತ್ರಕ್ಕೆ ಸಾಲು ನಿಂತಿದ್ದರು. ಪುಸ್ತಕವೆಲ್ಲ ವಾಪಸು ಬಂದಿದೆ, ದಂಡ ಉಳಿದಿಲ್ಲ, ಇವರಿಂದ ನಮಗೆ ಬರಬೇಕಾದ್ದು ಏನೂ ಇಲ್ಲ ಎಂದು ಅವನು ರುಜು ಹಾಕಿ ಕೊಡಬೇಕು. ಅದು ಸಿಕ್ಕಿದ ಮೇಲೆ ಯಾರೂ ಮತ್ತೆ ಆ ಬಾಗಿಲಿಗೆ ಬರುವುದಿಲ್ಲ. ಅವನಿಗೆ ಇಷ್ಟವಾದ ಕೆಲಸ ಇದೊಂದೇ.

ಇವತ್ತು ರುಜು ಹಾಕುತ್ತ ಹಾಕುತ್ತ ಅವನು ಜಾಮೀನಿಗೆ ಯಾರನ್ನು ಕೇಳಬಹುದು ಎಂದು ಮುಖಗಳನ್ನು ನೆನಪಿಸಿಕೊಂಡ. ಜೊತೆಗೆ ಓದಿದವರು, ಜೊತೆಗೆ ಕೆಲಸ ಮಾಡಿ ನಿವೃತ್ತರಾದವರು, ಒಂದು ಕಾಲದಲ್ಲಿ ಸಂಜೆ ಜೊತೆಗೆ ನಡೆಯುತ್ತಿದ್ದ ಮೆಟ್ಟಿಲ ಕೆಳಗಿನ ಮನೆಯವನು. ಯಾರಿಗೂ ಅವನು ಕೊಡಬೇಕಾದ್ದಿರಲಿಲ್ಲ. ಹಾಗಾಗಿ ಯಾರನ್ನೂ ಮತ್ತೆ ಕಾಣಬೇಕಾದ ಪ್ರಸಂಗವೂ ಬಂದಿರಲಿಲ್ಲ. ಇವತ್ತು ಹುಡುಕಿಕೊಂಡು ಹೋದರೆ ಅವರ ಬಾಗಿಲಲ್ಲಿ ತನ್ನ ಹೆಸರು ಹೇಳಬೇಕಾಗುತ್ತಿತ್ತು.

ಒಬ್ಬ ವಿದ್ಯಾರ್ಥಿನಿ ಅರ್ಜಿ ಮುಂದಿಟ್ಟಳು. ಕಂಪ್ಯೂಟರಿನಲ್ಲಿ ನೋಡಿದರೆ ಅವಳ ಹೆಸರಿನಲ್ಲಿ ಒಂದೇ ಒಂದು ಪುಸ್ತಕವೂ ಹೊರಗೆ ಹೋಗಿರಲಿಲ್ಲ.

“ನೀವು ಇಲ್ಲಿ ಓದಿದವರೇನಾ?”

“ಹೌದು ಸರ್. ದಿನಾ ಬರ್ತಿದ್ದೆ. ಆ ಕಿಟಕಿ ಹತ್ರ ಕೂತು ಓದ್ಕೊಂಡು ಹೋಗ್ತಿದ್ದೆ.”

ಅವನು ಕಿಟಕಿ ನೋಡಿದ, ಅವಳ ಮುಖ ನೋಡಿದ. ನೆನಪು ಬರಲಿಲ್ಲ. ತಡವಾಗಿ ತರುವವರ ಮುಖಗಳು ಅವನಿಗೆ ಚೆನ್ನಾಗಿ ಗೊತ್ತಿದ್ದವು. ದಂಡ ಮಾಫಿ ಮಾಡಿ ಎಂದು ಗೋಗರೆದವರು, ನಾಯಿ ಪುಸ್ತಕ ಹರಿದುಹಾಕಿತು ಎಂದು ಸುಳ್ಳು ಹೇಳಿದವರು. ಅವರಲ್ಲೊಬ್ಬ ಉದ್ದ ಮೂತಿಯವನು ಮದುವೆಗೂ ಕರೆದಿದ್ದ. ಹೋದರೆ ಏನಾದರೂ ಕೊಡಬೇಕು, ಕೊಟ್ಟರೆ ಅವನು ಮತ್ತೇನಾದರೂ ಕೊಡುತ್ತಾನೆ ಎಂದು ಹೋಗಿರಲಿಲ್ಲ. ಈ ಹುಡುಗಿ ಮೂರು ವರ್ಷ ಕಣ್ಣೆದುರಿಗೆ ಕೂತು ಎದ್ದು ಹೋಗಿದ್ದಾಳೆ, ಒಂದು ಗೆರೆಯಷ್ಟೂ ಉಳಿದಿಲ್ಲ.

ಎಲ್ಲಿಂದಲೋ ಒಂದು ದ್ವೇಷ ಒದ್ದುಕೊಂಡು ಬಂತು. “ನಮ್ಮಲ್ಲಿ ನಿಮ್ಮದು ಯಾವ ದಾಖಲೆಯೂ ಇಲ್ಲ. ನಿಮ್ಮನ್ನ ಬಲ್ಲೋರು ಯಾರನ್ನಾದ್ರೂ ಕರ್ಕೊಂಡು ಬನ್ನಿ,” ಎಂದ. ಅಂಥ ನಿಯಮ ಯಾವುದೂ ಇರಲಿಲ್ಲ.

ಅವಳ ಮುಖ ಸಪ್ಪೆಯಾಗಲಿ, ತಾನು ಹೊರಗೆ ಬಿಸಿಲಲ್ಲಿ ನಿಂತ ಹಾಗೆ ಒಂದು ಗಳಿಗೆ ನಿಲ್ಲಲಿ ಎಂದು ಅವನಿಗಿತ್ತು. ಅವಳು ಆಯ್ತು ಸರ್ ಎಂದು ಹೋದಳು. ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಐದಾರು ಜನರನ್ನು ಕಟ್ಟಿಕೊಂಡು ಬಂದಳು. ಇವಳು ನಮ್ಮವಳೇ ಸರ್, ನನ್ನ ನೋಟ್ಸು ತಗೊಂಡು ವರ್ಷವಾಯ್ತು ಇನ್ನೂ ಕೊಟ್ಟಿಲ್ಲ, ನನಗೆ ಒಂದು ಸ್ವೆಟರು ಕೊಡಬೇಕು, ಕಳ್ಳಿ ಸರ್ ಇವಳು ಎಂದು ಒಬ್ಬರ ಮೇಲೊಬ್ಬರು ಬಿದ್ದು ಸಾಕ್ಷಿ ಹೇಳಿದರು. ಅವಳು ನಗುತ್ತ ಎಲ್ಲವನ್ನೂ ಒಪ್ಪಿಕೊಂಡಳು. ಅವನು ತಲೆಯೆತ್ತದೆ ರುಜು ಹಾಕಿದ.

ಮಧ್ಯಾಹ್ನ ಪುಸ್ತಕಗಳ ಪಟ್ಟಿ ಮಾಡುವ ಸಹೋದ್ಯೋಗಿಯ ಮೇಜಿನ ಬಳಿ ಹೋಗಿ ನಿಂತ. ಅವನಿಗಿಂತ ಎರಡು ವರ್ಷ ಮೊದಲು ಕೆಲಸಕ್ಕೆ ಸೇರಿದ ಹೆಂಗಸು. ಒಮ್ಮೆ ಜೋರು ಮಳೆಯಲ್ಲಿ ಬೇಡ ಬೇಡವೆಂದರೂ ತನ್ನ ಕೊಡೆಯನ್ನು ಅವನ ಕೈಗೆ ತುರುಕಿದ್ದಳು. ಅವನು ಮನೆ ತಲುಪಿ, ಅದೇ ಮಳೆಯಲ್ಲಿ ಟ್ಯಾಕ್ಸಿ ಹಿಡಿದು ಅವಳ ಮನೆಗೆ ಹೋಗಿ, ಒಳಗೆ ಬನ್ನಿ ಎಂದರೂ ಬರದೆ, ಹೊಸ್ತಿಲಲ್ಲಿ ಕೊಡೆ ಒಪ್ಪಿಸಿ ನೆನೆಯುತ್ತ ವಾಪಸು ಬಂದಿದ್ದ. ಅವಳ ಮನೆಯವರು ಇವತ್ತಿಗೂ ಆ ಕಥೆ ಹೇಳಿಕೊಂಡು ನಗುತ್ತಿದ್ದರು.

ಯಾರಾದರೂ ಪರಿಚಯದವರು ಬ್ಯಾಂಕಿನಲ್ಲಿ ಜಾಮೀನು ಕೇಳಿದರೆ ಹಾಕುವುದು ವಾಡಿಕೆಯೇ ಎಂದು ಅವನು ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳಿದಂತೆ ಕೇಳಿದ.

ಅವಳು ಕನ್ನಡಕದ ಮೇಲಿಂದ ನೋಡಿದಳು. “ಯಾರಿಗೆ? ನಿಮಗಾ?”

“ಇಲ್ಲ. ಹೀಗೇ ಕೇಳಿದೆ.”

“ಅದೇ ಅಂದ್ಕೊಂಡೆ. ನಿಮಗೆ ಯಾರ ಹಂಗೂ ಬೇಡವಲ್ಲ.” ಎಂದು ಮತ್ತೆ ಪಟ್ಟಿಗೆ ತಲೆಬಗ್ಗಿಸಿದಳು. ಕೊಡೆಯನ್ನು ಇನ್ನೂ ಮರೆತಿರಲಿಲ್ಲ ಎನ್ನುವುದು ಅವನಿಗೆ ಗೊತ್ತಾಯಿತು.

ಉಳಿದವನು ಒಬ್ಬನೇ. ಹೆಂಡತಿಯ ತಮ್ಮ.

ಅವನಿಗೆ ಇವನು ಮನಸ್ಸಿನಲ್ಲೇ ಕಂತುರಾಯ ಎಂದು ಹೆಸರಿಟ್ಟಿದ್ದ. ಕಂತಿನಲ್ಲಿ ಮನೆ, ಕಂತಿನಲ್ಲಿ ಕಾರು, ಕೈಗಡಿಯಾರವೂ ಕಂತಿನದೇ. ಹಳೆಯ ಕಾರುಗಳನ್ನು ಕೊಂಡು ತೊಳೆದು ಹೊಳಪಿಟ್ಟು ಮಾರುವ ವ್ಯಾಪಾರ. ಮೊದಲ ಮಗು ಆಸ್ಪತ್ರೆಯಲ್ಲಿದ್ದಾಗ ಒಮ್ಮೆ ಭಾವನ ಬಳಿ ಸಾಲ ಕೇಳಿ ಬಂದಿದ್ದ. ಇವನು ದುಡ್ಡು ಕೊಟ್ಟ. ಕೊಡುವಾಗ, ಇದು ಸಾಲವಲ್ಲ, ನಿನಗೆ ಸಾಲ ಕೊಟ್ಟು ವಾಪಸಿಗೆ ಕಾಯುವಷ್ಟು ದಡ್ಡ ನಾನಲ್ಲ, ಧರ್ಮಕ್ಕೆ ಕೊಟ್ಟೆ ಅಂದುಕೊಂಡಿದ್ದೇನೆ ಎಂದ. ಆರು ತಿಂಗಳಿಗೆ ಅವನು ದುಡ್ಡು ತಂದಾಗ ಧರ್ಮಕ್ಕೆ ಕೊಟ್ಟಿದ್ದನ್ನು ವಾಪಸು ತಗೊಳ್ಳೋದಿಲ್ಲ ಎಂದು ಬಾಗಿಲಿಂದಲೇ ಕಳಿಸಿದ. ಅಂದಿನಿಂದ ಇಬ್ಬರ ನಡುವೆ ಮಾತು ಹೌದು ಅಲ್ಲಗಳಲ್ಲೇ ನಡೆಯುತ್ತಿತ್ತು.

ಕಾರುಗಳ ಬಯಲಿನಲ್ಲಿ ಮೇಣದ ವಾಸನೆ. ಕಂತುರಾಯ ಒಂದು ಕಾರಿನ ಬಾನೆಟ್ಟಿಗೆ ಒರಗಿ ಫೋನಿನಲ್ಲಿ ಯಾರಿಗೋ ನಗುನಗುತ್ತ ಸುಳ್ಳು ಹೇಳುತ್ತಿದ್ದ. ಭಾವನನ್ನು ಕಂಡು ಫೋನು ಇಟ್ಟ, ನಗು ಮಾತ್ರ ಹಾಗೇ ಇತ್ತು. ಕೂತುಕೊಳ್ಳಲು ಅಲ್ಲಿ ಜಾಗವಿರಲಿಲ್ಲ, ಮಾರಾಟದ ಕಾರಿನ ಬಾಗಿಲು ತೆಗೆದು ಒಳಗೆ ಕೂರಿಸಿದ. ಇಬ್ಬರೂ ಎಲ್ಲಿಗೂ ಹೋಗದ ಕಾರಿನಲ್ಲಿ ಮುಂದಕ್ಕೆ ನೋಡುತ್ತ ಕೂತರು.

ಇವನು ವಿಷಯ ಹೇಳಿದ. ಅಂಗಡಿ ಅಕ್ಕನಿಗೇ ಎನ್ನುವುದನ್ನು ಎರಡು ಸಲ ಹೇಳಿದ. ಬ್ಯಾಂಕಿನ ಅಡ್ಡಗೆರೆಯ ಸಂಗತಿಯನ್ನು ಕೊನೆಗೆ, ಕಂಪ್ಯೂಟರಿನ ಏನೋ ದೋಷ ಎಂಬಂತೆ ಹೇಳಿದ. ಕಂತುರಾಯ ಸ್ಟೇರಿಂಗಿನ ಮೇಲೆ ಬೆರಳು ಕುಟ್ಟುತ್ತ ಕೇಳಿಸಿಕೊಂಡ. ಅವನು ಹೊಟ್ಟೆ ಹಿಡಿದು ನಗುತ್ತಾನೆ ಎಂದು ಇವನು ಹಲ್ಲು ಕಚ್ಚಿ ಕಾದಿದ್ದ. ಅವನು ನಗಲಿಲ್ಲ.

“ನಾನು ಆಗಲೇ ಒಬ್ರಿಗೆ ಜಾಮೀನು ಹಾಕಿಬಿಟ್ಟಿದ್ದೀನಿ ಭಾವ. ಇನ್ನೊಂದು ಹಾಕೋಕಾಗಲ್ಲ.”

“ಯಾರಿಗೆ?”

“ಬೇಕಾದವರಿಗೆ.”

“ನಾನು ಕಟ್ಟದೆ ಇರ್ತೀನಿ ಅಂತ ಭಯವಾ?”

“ನೀವು ಕಟ್ತೀರಿ. ಗಡುವಿಗೆ ಮೊದಲೇ ಕಟ್ಟಿ ಮುಗಿಸ್ತೀರಿ.” ಅವನು ಬೆರಳು ಕುಟ್ಟುವುದನ್ನು ನಿಲ್ಲಿಸಿದ. “ನಾನು ದಿನಕ್ಕೆ ನಾಲ್ಕು ಜನಕ್ಕೆ ಬಾಕಿ ಇರೋನು ಭಾವ. ನಾಲ್ಕು ಜನ ಬೆಳಿಗ್ಗೆ ಎದ್ದು ನಾನು ಬದುಕಿರಲಿ ಅಂದ್ಕೋತಾರೆ. ಅವತ್ತು ನೀವು ನನ್ನ ದುಡ್ಡು ವಾಪಸು ತಗೊಂಡಿದ್ರೆ ನಾನು ನಿಮ್ಮನ್ನ ಮನುಷ್ಯ ಅಂತಿದ್ದೆ.”

ಇವನಿಗೆ ಆ ಮುಖಕ್ಕೆ ಬಾರಿಸಬೇಕು ಎನ್ನಿಸಿತು. ಬಾಗಿಲಿನ ಹಿಡಿ ಎಲ್ಲಿದೆ ಎಂದು ಗೊತ್ತಾಗದೆ ತಡವರಿಸಿದ. ಕಂತುರಾಯ ಅವನ ಮೈಮೇಲಿಂದ ಕೈ ಚಾಚಿ ಬಾಗಿಲು ತೆಗೆದುಕೊಟ್ಟ. ಅಷ್ಟಕ್ಕೂ ಥ್ಯಾಂಕ್ಸ್ ಹೇಳಬೇಕಾಯಿತಲ್ಲ ಎಂದು ಇವನು ದಾರಿಯುದ್ದಕ್ಕೂ ಕುದಿದ.

ಬ್ಯಾಂಕಿಗೆ ಮತ್ತೆ ಹೋಗಲಿಲ್ಲ. ಗ್ರಂಥಾಲಯಕ್ಕೂ ಹೋಗಲಿಲ್ಲ. ಬಸ್ಸಿಗೆ ಕಾಯದೆ ನಡೆದ. ಹೆಂಡತಿಗೆ ಹೇಳಬೇಕಾದ ಮಾತುಗಳನ್ನು ದಾರಿಯಲ್ಲಿ ಒಂದೊಂದಾಗಿ ಜೋಡಿಸಿಕೊಂಡ. ಅಂಗಡಿಯ ಜಾಗ ಸರಿಯಿಲ್ಲ, ಗಾಳಿಯಿಲ್ಲ, ಮೂಲೆಯಾದ್ದರಿಂದ ಧೂಳು ಜಾಸ್ತಿ ಎಂದು ಶುರುಮಾಡಿದ. ಅದು ಸಾಲದೆಂದು ಕಂಡು, ಹಾಸಿಗೆಯಿದ್ದಷ್ಟು ಕಾಲು ಚಾಚಬೇಕು ಎಂಬ, ಮನೆಯಲ್ಲಿ ಸಾವಿರ ಸಲ ಹೇಳಿದ ಮಾತನ್ನೇ ಮತ್ತೆ ಹೇಳುವುದೆಂದುಕೊಂಡ. ಎರಡು ರಸ್ತೆ ದಾಟುವಷ್ಟರಲ್ಲಿ ಅದೂ ನಾಲಿಗೆಯ ಮೇಲೆ ಒಣಗಿತು. ಕೊನೆಗೆ, ಕೇಳಿದೆ ಕಣೇ, ನನಗೆ ಕೊಡಲಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರೆ ಏನಾಗುತ್ತದೆ ಎಂದು ಯೋಚಿಸಿದ. ಅವಳು ಪಾಪ ಎನ್ನಬಹುದು. ಅವಳಿಂದ ಪಾಪ ಎನ್ನಿಸಿಕೊಳ್ಳಬೇಕು ಎಂಬ ಆಸೆ ಹುಟ್ಟಿತು. ಅದು ಎಷ್ಟು ಬಲವಾಗಿ ಹುಟ್ಟಿತೆಂದರೆ ಅವನು ಬೀಸುಹೆಜ್ಜೆ ಹಾಕತೊಡಗಿದ.

ಮೂಲೆಯ ಅಂಗಡಿಯ ಷಟರು ಮೇಲೆತ್ತಿತ್ತು. ಒಳಗೆ ದೀಪ ಉರಿಯುತ್ತಿತ್ತು. ಇಬ್ಬರು ಕೆಲಸಗಾರರು ಮುಂಭಾಗಕ್ಕೆ ಅಳತೆ ಹಿಡಿಯುತ್ತಿದ್ದರು. ಪಕ್ಕದ ಗೋಡೆಗೆ ಆಳೆತ್ತರದ ಒಂದು ಗಾಜು ಒರಗಿಸಿತ್ತು. ಬೇರೆಯವರಿಗೆ ಹೋಯಿತು ಎಂದುಕೊಂಡ. ಎದೆಯಲ್ಲಿ ಏನೋ ಹಗುರವಾದದ್ದೂ ನಿಜ. ಇನ್ನು ಅವನ ತಪ್ಪೇನೂ ಉಳಿಯಲಿಲ್ಲವಲ್ಲ. ಅಷ್ಟರಲ್ಲಿ ಒಳಗಿನಿಂದ ಹೆಂಡತಿ, ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು, ಕಪಾಟು ಎಲ್ಲಿ ಬರಬೇಕೆಂದು ತೋರಿಸುತ್ತ ಬಂದಳು.

“ಇವತ್ತು ಬೇಗ ಬಂದ್ರಾ?” ಎಂದಳು.

ಅವನು ಒಳಗಿನ ದೀಪವನ್ನೂ ಅವಳನ್ನೂ ನೋಡಿದ. ಅವಳೇ ಹೇಳಿದಳು. ಕೇಳಿದ ಮೇಲೆ ಮೂರು ದಿನ ಕಾದೆ, ನೀವು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ, ಆಮೇಲೆ ನಾನೇ ಹೋದೆ. ನನ್ನ ಹೆಸರಿಗೇ ಸಾಲ ಮಂಜೂರಾಗಿದೆ. ಮೊತ್ತ ದೊಡ್ಡದೆಂದು ಒಬ್ಬರ ಜಾಮೀನು ಕೇಳಿದರು, ತಮ್ಮ ಬಂದು ಹಾಕಿಹೋದ.

“ನಿನಗೆ ಹೇಗೆ ಕೊಟ್ರು? ಸಂಬಳ ಇಲ್ಲ, ಏನಿಲ್ಲ.”

“ನಂದು ಸ್ಕೋರ್ ಚೆನ್ನಾಗಿದೆಯಂತೆ.”

ಆ ಮಾತನ್ನು ಅವಳು ಹೆಮ್ಮೆಯಿಂದ ಹೇಳಲಿಲ್ಲ, ಉಪ್ಪು ಡಬ್ಬಿಯಲ್ಲಿದೆ ಎನ್ನುವಂತೆ ಹೇಳಿದಳು. ಹೇಗೆ, ಎಲ್ಲಿಂದ ಎಂದು ಅವನು ಕೇಳಿದ. ಅವಳು ಕಪಾಟಿನ ಜಾಗಕ್ಕೆ ಟೇಪು ಹಿಡಿದುಕೊಂಡೇ, ಬೆನ್ನು ತೋರಿಸಿ ಉತ್ತರಿಸಿದಳು. ಹೊಲಿಗೆ ಯಂತ್ರ ಕಂತಿನಲ್ಲಿ ತಂದದ್ದು. ಅದು ತೀರಿದ ಮೇಲೆ ಫ್ರಿಜ್ಜು. ಅವನು ಅವಳ ತವರಿನವರು ಕೊಟ್ಟದ್ದು ಎಂದು ತಿಳಿದು ಮುಟ್ಟಲೂ ಹಿಂಜರಿಯುತ್ತಿದ್ದ ಕಪಾಟು. ಅವನ ಬೆನ್ನು ನೋವಿಗೆಂದು ತಂದ ದಪ್ಪ ಹಾಸಿಗೆ. ಒಂದಾದ ಮೇಲೊಂದು, ಒಂದು ತಿಂಗಳೂ ತಪ್ಪಿಸದೆ ಕಟ್ಟಿದ್ದಳು.

ಸಾಲವೇ ಕಾಲಿಡದ ಮನೆ ಎಂದು ಅವನು ಹೇಳಿಕೊಳ್ಳುತ್ತಿದ್ದ ಮನೆಯಲ್ಲಿ ಅವನು ತಿಂದದ್ದು, ತೊಟ್ಟದ್ದು, ಮಲಗಿದ್ದು ಎಲ್ಲ ಸಾಲದ ಮೇಲೆ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂದು ಅವನು ಉಪದೇಶ ಮಾಡಿದ್ದು ಕಂತಿನ ಹಾಸಿಗೆಯ ಮೇಲೆ ಮಲಗಿಕೊಂಡು. ಅವಳು ಕೇಳಿಸಿಕೊಂಡು ಮಗ್ಗುಲಾಗುತ್ತಿದ್ದಳು.

“ಕಂತು ಎಲ್ಲಿಂದ ಕಟ್ಟಿದೆ?”

“ಹೊಲಿಗೆ ದುಡ್ಡಲ್ಲಿ. ನಿಮ್ಮ ಅಂಗಿ ದುಡ್ಡೂ ಇತ್ತಲ್ಲ.” ಈಗ ಅವಳು ತಿರುಗಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಅವನು ಅದನ್ನು ಹುಡುಕಿದ, ಸಿಕ್ಕಿದ್ದರೆ ಹಿಡಿದುಕೊಳ್ಳುತ್ತಿದ್ದ. “ಒಳಗೆ ಮೇಲೊಂದು ಅಟ್ಟ ಇದೆ. ಸ್ವಲ್ಪ ದಿನ ಇಲ್ಲೇ ಇರ್ತೀನಿ. ಕೆಲಸ ಜಾಸ್ತಿ ಇದೆ.”

“ಎಷ್ಟು ದಿನ?”

“ನೋಡೋಣ.”

“ನಾನು ಇವತ್ತು ಬ್ಯಾಂಕಿಗೆ ಹೋಗಿದ್ದೆ,” ಎಂದ ಅವನು. ದಾರಿಯಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಇದೊಂದೇ ಉಳಿದಿತ್ತು. “ಕೇಳಿದೆ. ನನಗೆ ಕೊಡಲಿಲ್ಲ.”

ಅವಳು ಟೇಪನ್ನು ಬೆರಳಿಗೆ ಸುತ್ತುತ್ತ ಒಂದು ಕ್ಷಣ ನಿಂತಳು. ಈಗ ಪಾಪ ಅನ್ನುತ್ತಾಳೆ ಎಂದು ಅವನು ಕಾದ.

“ನೀವೇನೂ ಮನಸ್ಸಿಗೆ ಹಚ್ಕೋಬೇಡಿ,” ಎಂದಳು. “ನಿಮ್ಮದು ನನ್ನ ಹತ್ರ ಏನೂ ಇಲ್ಲ. ನನ್ನದೂ ನಿಮ್ಮ ಹತ್ರ ಏನೂ ಇಲ್ಲ. ಎಲ್ಲ ಆಗಾಗ ಕೊಟ್ಟು ಮುಗಿಸಿದ್ದೀರಿ.”

ಕೆಲಸಗಾರರು ಗಾಜು ಎತ್ತಿಕೊಂಡು ಬಂದು, ಸ್ವಾಮಿ ಸ್ವಲ್ಪ ಆಚೆ ನಿಂತ್ಕೊಳ್ಳಿ ಎಂದರು. ಅವನು ಆಚೆ ಎಂದರೆ ರಸ್ತೆಯ ಕಡೆಗೆ ಸರಿದ. ಅವಳು ಒಳಗಿದ್ದಳು. ಗಾಜು ಚೌಕಟ್ಟಿನಲ್ಲಿ ಕೂತಿತು. ಸುತ್ತಲೂ ಮರದ ಬೀಡಿಂಗು ಪಟ್ಟಿ ಬಡಿದರು. ಬಟ್ಟೆಯಿಂದ ಒರೆಸಿದರು. ಒರೆಸಿದ ಮೇಲೆ ಅಲ್ಲಿ ಗಾಜಿದೆ ಎಂದೇ ಅನ್ನಿಸುತ್ತಿರಲಿಲ್ಲ. ಒಳಗೆ ಅವಳು ಕೈಗೆ ಸಿಗುವಷ್ಟು ಹತ್ತಿರ ಓಡಾಡುತ್ತಿದ್ದಳು, ಸದ್ದು ಮಾತ್ರ ಬರುತ್ತಿರಲಿಲ್ಲ. ಅವನು ಏನೋ ಹೇಳಬೇಕೆಂದು ಮುಂದೆ ಹೋದ. ಹಣೆ ತಣ್ಣಗೆ ಬಡಿಯಿತು.

“ಅಯ್ಯೋ, ನೋಡ್ಕೊಂಡು ಸ್ವಾಮಿ,” ಎಂದ ಗಾಜಿನವನು. ಜೊತೆಯವನ ಕಡೆ ತಿರುಗಿ, ಬೇಗ ಗುರುತು ಹಾಕೋ, ಇಲ್ದಿದ್ರೆ ಇನ್ನೂ ನಾಲ್ಕು ಜನ ಗುದ್ಕೋತಾರೆ ಎಂದ. ಜೊತೆಯವನು ಚಿಂದಿ ಬಟ್ಟೆಯನ್ನು ಸುಣ್ಣದ ಡಬ್ಬಿಯಲ್ಲಿ ಅದ್ದಿ ಗಾಜಿನ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದ. ಅದರ ಮೇಲೆ ಅಡ್ಡವಾಗಿ ಇನ್ನೊಂದು.

ಒಳಗೆ ಅವಳು ತಲೆಯೆತ್ತಿ ಈ ಕಡೆ ನೋಡಿದಳು. ಕೈ ಮೇಲೆತ್ತಿದಳು. ಅವನೂ ಕೈ ಎತ್ತಿದ.

ಅವಳ ಕೈ ಎಡಕ್ಕೆ ಬೀಸಿತು, ಮತ್ತೆ ಸ್ವಲ್ಪ ಕೆಳಕ್ಕೆ. ಗುರುತು ಸೊಟ್ಟಗಿದೆ ಎನ್ನುತ್ತಿದ್ದಳು. ಜೊತೆಯವನು ತಲೆಯಾಡಿಸಿ, ಒಣಬಟ್ಟೆಯಿಂದ ಎಲ್ಲ ಒರೆಸಿ, ಮತ್ತೆ ಸುಣ್ಣದಲ್ಲಿ ಅದ್ದಿ, ಈ ಸಲ ಅಳತೆ ನೋಡಿಕೊಂಡು ನಿಧಾನವಾಗಿ ಎಳೆದ. ಗಾಜಿನಲ್ಲಿ ತೆಳ್ಳಗೆ ಬಿದ್ದಿದ್ದ ಅವನ ಮುಖದ ಮೇಲೆ ಆ ಎರಡು ಬಿಳಿ ಗೆರೆಗಳು ಸರಿಯಾಗಿ ಹಾದುಹೋದವು. ಅವಳು ಅತ್ತಿಂದ ನೋಡಿ, ಈಗ ಸರಿ ಎಂದು ಬೆರಳು ತೋರಿಸಿದಳು.